ಅರೆಹೊಟ್ಟೆಯ ರಾಜಿ

ನಮ್ಮೂರಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಂಡವನು ಯಾರ ಮೇಲೋ ಹಗೆ ಸಾಧಿಸುತ್ತಿದ್ದಾನೆಂದೇ ಅರ್ಥ. ಹಾಗಾಗಿ ನನ್ನ ಖಾನಾವಳಿಗೆ ಬರುತ್ತಿದ್ದವರಲ್ಲಿ ಎರಡೇ ಬಗೆ. ಒಂದು, ಊರಿನ ಹಂಗಿಲ್ಲದೆ ಹಾದುಹೋಗುವ ಲಾರಿಯವರು. ಇನ್ನೊಂದು, ಜಗಳ ಹೂಡಿಕೊಂಡಿರುವ ಊರಿನವರು. ಗಂಡನ ಮನೆಯವರ ಮೇಲೆ ಮುನಿದ ಹೆಂಗಸು ನನ್ನಲ್ಲಿ ಬಂದು ಕೂತು ಮೂರನೆಯ ರೊಟ್ಟಿ ಕೇಳಿದಳೆಂಬ ಸುದ್ದಿ ಅವಳ ಅತ್ತೆಯ ಕಿವಿಗೆ ಮುಟ್ಟುವಷ್ಟರಲ್ಲಿ ಅವಳು ನಾಲ್ಕನೆಯದನ್ನು ಮುರಿಯುತ್ತಿರುತ್ತಿದ್ದಳು. ರಾಜಿಯಾದವರು ಮಾತ್ರ ನನ್ನ ಬಾಗಿಲ ಮುಂದೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಅವರ ಮುಂಗೈ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ತೇಪೆ ಇರುತ್ತಿತ್ತು. ತೇಪೆ ಉಳಿಯಬೇಕೆಂದರೆ ಹೊಟ್ಟೆ ಅರ್ಧ ಖಾಲಿ ಇರಬೇಕು.

ತೇಪೆ ಅಂದರೆ ಚರ್ಮದ ತೇಪೆ. ನಮ್ಮ ಪಂಚರು ಕಾಗದದ ಮೇಲೆ ರಾಜಿ ಬರೆಸುವುದಿಲ್ಲ. ಜಗಳವಾಡಿದ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದು, ಇವನ ಮುಂಗೈಯ ಒಂದಿಷ್ಟು ಚರ್ಮವನ್ನು ಅವನಿಗೆ, ಅವನದ್ದನ್ನು ಇವನಿಗೆ ಹಚ್ಚಿಸುತ್ತಾರೆ. ಒಪ್ಪಿದೆನೆಂದು ಬಾಯಿ ಸಾವಿರ ಹೇಳಬಹುದು, ಮೈ ಒಪ್ಪಿತೇ ಎಂಬುದನ್ನು ತೇಪೆಯೇ ಹೇಳಬೇಕು ಎಂಬುದು ಹಿಂದಿನಿಂದ ಬಂದ ನಂಬಿಕೆ. ನಲವತ್ತು ದಿನ ಅದು ಕೂತರೆ ರಾಜಿ. ಕೆಂಪೇರಿ, ಕಪ್ಪಾಗಿ, ಉದುರಿದರೆ ‘ಜಗಳ ಜೀವಂತ’ ಎಂದು ಪಂಚರ ಪುಸ್ತಕದಲ್ಲಿ ಬರೆಯುತ್ತಾರೆ. ಹಾಗೆ ಬರೆಸಿಕೊಂಡ ಇಬ್ಬರೂ ಸಾಯುವತನಕ ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವಂತಿಲ್ಲ. ರಾಜಿಯಾದವರಿಗೂ ನಿಶ್ಚಿಂತೆಯೇನಿಲ್ಲ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಪಂಚರ ಕಟ್ಟೆಯಲ್ಲಿ ತೋಳು ಮಡಚಿ ತೇಪೆ ತೋರಿಸಬೇಕು, ಆವತ್ತು ಅದು ಇಲ್ಲದಿದ್ದರೆ ಹಳೆಯ ಜಗಳ ಮತ್ತೆ ಎದ್ದು ಕೂರುತ್ತದೆ. ನಮ್ಮೂರು ಅಷ್ಟು ಶಾಂತವಾಗಿರುವುದಕ್ಕೂ ನಮ್ಮ ಜನರ ಪಕ್ಕೆಲುಬು ಎಣಿಸುವಂತಿರುವುದಕ್ಕೂ ಕಾರಣ ಒಂದೇ.

ಅಂಥ ಊರಿನಲ್ಲಿ ನಾನೊಬ್ಬನೇ ದಪ್ಪ. ಹೆಸರು ಫಕೀರಪ್ಪ. ಹೆಸರಿಟ್ಟ ಅಜ್ಜಿ ನಾನು ಹುಟ್ಟಿದ ವಾರದಲ್ಲೇ ತೀರಿಕೊಂಡಳು, ಮುಂದಿನದನ್ನು ನೋಡುವ ಕಷ್ಟ ಅವಳಿಗೆ ಬರಲಿಲ್ಲ. ಐವತ್ತೊಂದು ತುಂಬುವವರೆಗೂ ನನ್ನ ಕೈಮೇಲೆ ಒಂದೇ ಒಂದು ತೇಪೆ ಇರಲಿಲ್ಲ. ಯಾರೊಂದಿಗೂ ಜಗಳವಾಡದ ಸಜ್ಜನ ನಾನು ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ. ಎದೆಗಿಂತ ಮೊದಲು ಹೊಟ್ಟೆ ಹೋಗುತ್ತಿತ್ತು, ಅದು ಬೇರೆ ಮಾತು. ನಿಜ ಹೇಳಬೇಕೆಂದರೆ ನನ್ನದು ಸಜ್ಜನಿಕೆಯಲ್ಲ. ಬಂದವರ ಮಾತಿಗೆಲ್ಲ ಹೌದು ಹೌದು ಎನ್ನುವುದು ಖಾನಾವಳಿಯವನ ಕಸುಬು. ಹೌದೆನ್ನುವವನ ಜತೆ ಯಾರು ಜಗಳವಾಡುತ್ತಾರೆ?

ನಾನು ಹೌದೆನ್ನದೆ ಇದ್ದದ್ದು ಒಬ್ಬಳಿಗೇ, ನನ್ನ ಅಕ್ಕ ಸಾವಂತ್ರವ್ವನಿಗೆ. ಗಂಡ ತೀರಿಕೊಂಡ ಮೇಲೆ ಅವಳು ಒಂದು ಟ್ರಂಕು ಹಿಡಿದು ನನ್ನ ಮನೆಗೆ ಬಂದಳು. ಬಂದ ಮರುದಿನವೇ ಖಾನಾವಳಿಯ ಒಲೆ ಮುಂದೆ ಕೂತಳು, ಇಪ್ಪತ್ತೆರಡು ವರ್ಷ ಏಳಲಿಲ್ಲ. ಅವಳು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ನೋಡಲಿಕ್ಕೆಂದೇ ಲಾರಿಯವರು ಹತ್ತು ಮೈಲಿ ಸುತ್ತು ಹಾಕಿ ಬರುತ್ತಿದ್ದರು. ಮಾಲೀಕ ನಾನು. ನನ್ನ ಕೆಲಸವೆಂದರೆ ಗಲ್ಲಾದ ಮುಂದೆ ಕೂರುವುದು, ರುಚಿ ನೋಡುವುದು, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಉಣ್ಣುವುದು. ಮೂರನ್ನೂ ಶ್ರದ್ಧೆಯಿಂದ ಮಾಡುತ್ತಿದ್ದೆ.

ಆ ದಿನ ಲಾರಿಗಳು ಹೆಚ್ಚು ಬಂದಿದ್ದವು. ಒಂದೂಕಾಲಾದರೂ ನನ್ನ ತಾಟು ಬರಲಿಲ್ಲ. ಒಮ್ಮೆ ಕೂಗಿದೆ, ಎರಡು ಸಲ ಕೂಗಿದೆ. ಅಕ್ಕ ಒಳಗಿನಿಂದ, ತಡಿಯೋ ತಮ್ಮಾ, ಗಿರಾಕಿಗಳದ್ದು ಮುಗೀಲಿ ಎಂದಳು. ಹಸಿದ ನನಗೆ ಬುದ್ಧಿ ಎಲ್ಲಿರುತ್ತದೆ? ತುಂಬಿದ ಖಾನಾವಳಿಯಲ್ಲಿ ಎದ್ದು ನಿಂತು ಒಂದು ಮಾತು ಆಡಿಬಿಟ್ಟೆ.

“ಇಪ್ಪತ್ತೆರಡು ವರ್ಷ ಕುಂದ್ರಿಸಿ ಉಣಿಸೀನಿ ನಿನಗ. ಹೊತ್ತಿಗೆ ಸರಿಯಾಗಿ ಒಂದು ರೊಟ್ಟಿ ಕೊಡಾಕ ಆಗೂದಿಲ್ಲ ನಿನ್ನ ಕೈಲೆ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕ ಕೈ ತೊಳೆದುಕೊಂಡಳು, ಹಂಚಿನ ಮೇಲಿದ್ದದ್ದು ಹೊತ್ತದಂತೆ ಕೆಳಗಿಳಿಸಿದಳು, ಹಿಂಬಾಗಿಲಿನಿಂದ ಹೊರಟು ನೇರವಾಗಿ ಪಂಚರ ಕಟ್ಟೆಗೆ ಹೋದಳು. ಹಂಚಿನಿಂದ ಇಳಿದಿದ್ದ ಆ ರೊಟ್ಟಿಯನ್ನು ಆಮೇಲೆ ನಾನೇ ತಿಂದೆ. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ತಿಂದದ್ದು ನಿಜ.

ಪಂಚರ ಹಿರಿಯ ಮುದುಕಪ್ಪಗೌಡರು ಇಬ್ಬರಿಗೂ ತೇಪೆ ಹಾಕಿಸಿದರು. ಒಡಹುಟ್ಟಿದವರ ತೇಪೆ ಬಿದ್ದದ್ದು ಈ ಪುಸ್ತಕದಲ್ಲೇ ಇಲ್ಲ, ಹೆದರಬೇಡ ಎಂದು ನನ್ನ ಬೆನ್ನು ತಟ್ಟಿದರು. ದವಾಖಾನೆಯ ಎಸ್ತೇರ್ ಸಿಸ್ಟರ್ ಮೊದಲು ಇಬ್ಬರ ರಕ್ತವನ್ನೂ ತೆಗೆದುಕೊಂಡು, ಅಕ್ಕನ ಚರ್ಮ ನನ್ನ ಎಡಗೈಗೆ, ನನ್ನದು ಅಕ್ಕನ ಎಡಗೈಗೆ ಹಚ್ಚಿ ಪಟ್ಟಿ ಕಟ್ಟಿದರು. ನಲವತ್ತು ದಿನ ಇಬ್ಬರೂ ಬೇರೆ ಬೇರೆ ಇರಬೇಕು, ಮಾತಾಡಕೂಡದು. ಅಕ್ಕ ನೇಕಾರರ ಓಣಿಯ ಒಂದು ಕೋಣೆಗೆ ಹೋದಳು. ಇಬ್ಬರ ಮಣಿಕಟ್ಟಿಗೂ ಬಿಳಿ ದಾರ ಕಟ್ಟಿದರು. ಬಿಳಿ ದಾರದವರಿಗೆ ಯಾರೂ ಊಟದ ಮಾತೆತ್ತಬಾರದು. ಅಂಥವರ ಮನೆಗೆ ಬುಟ್ಟಿ ತುಂಬ ತಿಂಡಿ ಕಳಿಸುವುದಂತೂ ನಮ್ಮೂರ ಅತ್ಯಂತ ನೀಚ ಕೆಲಸ. ಎದುರಾಳಿಗೆ ಹೋಳಿಗೆ ತಿನ್ನಿಸಿ, ಅವನ ತೇಪೆ ಬೀಳಿಸಿ, ಪಂಚರ ಮುಂದೆ ತಾನೇ ಒಳ್ಳೆಯವನಾದ ಕುಳಗಳು ಹಿಂದೆ ಇದ್ದರಂತೆ. ಈಗಲೂ ‘ಬುಟ್ಟಿ ಒಯ್ದವನು’ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ಎಸ್ತೇರ್ ಸಿಸ್ಟರ್ ಹೊಸ ತೇಪೆಯವರಿಗೆಲ್ಲ ಹೇಳುವ ಪಾಠವನ್ನು ನನಗೂ ಹೇಳಿದರು.

“ಕೊಬ್ಬು ಅಂದ್ರ ಸುಮ್ಮನ ಜೋತು ಬಿದ್ದಿರೂದು ಅನ್ಕೋಬ್ಯಾಡ್ರಿ, ಫಕೀರಪ್ಪನವರ. ಅದು ಲೆಪ್ಟಿನ್ ಅಂತ ಒಂದು ಹಾರ್ಮೋನ್ ರಕ್ತಕ್ಕ ಬಿಡ್ತದ. ಮನಿ ತುಂಬೇದ, ಕಾವಲು ಹೆಚ್ಚ ಮಾಡ್ರಿ ಅಂತ ಅದು ಮೈಯಾಗಿನ ಕಾವಲಿನವರಿಗೆ ಹೇಳ್ತದ. ಅವರು ಎದ್ದು, ಇದು ಯಾರ ಚರ್ಮ, ನಮ್ಮದಲ್ಲ ಅಂತ ತ್ಯಾಪಿ ಮ್ಯಾಲ ಬೀಳ್ತಾರ. ಹಸದ ಹೊಟ್ಟಿ ಘ್ರೆಲಿನ್ ಅಂತ ಇನ್ನೊಂದು ಬಿಡ್ತದ. ಅದು, ಸುಮ್ಮನಿರ್ರಿ, ಜಗಳ ಬ್ಯಾಡ ಅಂತದ. ನಿಮಗ ಬೇಕಾದ್ದು ಎರಡನೇದು. ಅರ್ಧ ಉಣ್ರಿ.”

ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ತಪ್ಪಾಗಿ ತಿಳಿದುಕೊಳ್ಳಲು ಒಂದು ವಿಶೇಷ ಬುದ್ಧಿ ಬೇಕು. ಅದು ನನಗಿತ್ತು. ಹಸಿವಿನಿಂದ ಕೆಲಸವಾಗುತ್ತದೆ ಅಂದರೆ ಹಸಿವಾದರೆ ಸಾಕು, ಉಣ್ಣದಿರಬೇಕೆಂದೇನೂ ಇಲ್ಲ ಎಂದು ತೀರ್ಮಾನಿಸಿದೆ. ಖಾನಾವಳಿಯಲ್ಲಿ ಹಸಿವು ಹುಟ್ಟಿಸುವುದು ಕಷ್ಟವೇ? ಒಗ್ಗರಣೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಬೆಳ್ಳುಳ್ಳಿ ಸಿಡಿದಾಗಲೆಲ್ಲ ಹೊಟ್ಟೆ ಗುರ್ರೆನ್ನುತ್ತಿತ್ತು. ಘ್ರೆಲಿನ್ ಬಂತು ಎಂದು ಖುಷಿಪಡುತ್ತಿದ್ದೆ. ತಾಟು ಹಾಕಿಸಿಕೊಂಡು ಮಾತ್ರ ಕೂರಲಿಲ್ಲ. ರುಚಿ ನೋಡುತ್ತಿದ್ದೆ, ಅಷ್ಟೇ. ಅಕ್ಕನ ಜಾಗದಲ್ಲಿ ಬಂದಿದ್ದ ಹೊಸ ಹೆಂಗಸಿಗೆ ಉಪ್ಪಿನ ಹದ ತಿಳಿಯುತ್ತಿರಲಿಲ್ಲವಾದ್ದರಿಂದ ಸ್ವಲ್ಪ ಹೆಚ್ಚೇ ನೋಡಬೇಕಾಗಿ ಬಂತು.

ಎಂಟನೆಯ ದಿನ ಪಟ್ಟಿ ಬಿಚ್ಚಿದಾಗ ಅಕ್ಕನ ತೇಪೆ ನನ್ನ ಕೈಮೇಲೆ ಕೆಂಡದಂತೆ ಕೆಂಪಾಗಿತ್ತು. ಎಷ್ಟು ಉಂಡಿರಿ ಎಂದು ಸಿಸ್ಟರ್ ಕೇಳಿದರು. ಉಂಡೇ ಇಲ್ಲ, ರುಚಿ ನೋಡಿದ್ದೇನೆ ಎಂದೆ. ಏನೇನು ಎಂದರು. ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಪೆನ್ನು ಕೆಳಗಿಟ್ಟು, ಅರ್ಧ ಕೊಳಗ ಬೇಳೆ ಸಾರನ್ನು ರುಚಿ ನೋಡಿದವರನ್ನು ತಾವು ಇಲ್ಲಿಯವರೆಗೆ ಕಂಡಿರಲಿಲ್ಲ ಎಂದರು. ಮೂಗಿನಿಂದ ಹುಟ್ಟಿದ ಹಸಿವು ನಾಲ್ಕು ತುತ್ತಿಗೆ ಅಡಗುತ್ತದೆ, ಹೊಟ್ಟೆಯ ಮೇಲಿನ ಕೊಬ್ಬು ಮಾತ್ರ ದಿನವಿಡೀ ಕೂಗುತ್ತಲೇ ಇರುತ್ತದೆ ಎಂದೂ ಹೇಳಿದರು. ಪಕ್ಕದಲ್ಲಿ ಸೂಜಿಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಫಕೀರಪ್ಪನ ಮೈ ಸ್ವಂತ ಅಕ್ಕನನ್ನೇ ಹೊರಗೆ ಹಾಕುತ್ತಿದೆ.

ಅಕ್ಕನ ಸುದ್ದಿ ಅದಕ್ಕಿಂತ ಮೊದಲೇ ಹಬ್ಬಿತ್ತು. ನನ್ನ ದಪ್ಪ ಚರ್ಮ ಅವಳ ಕೈಮೇಲೆ ಆರೇ ದಿನಕ್ಕೆ ಕೂತುಬಿಟ್ಟಿತ್ತು. ಅಂಚು ಕೂಡ ಕಾಣದು, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತಿದೆ ಎಂದು ನೋಡಿದವರು ಹೇಳಿದರು. ಎಂಥ ದೊಡ್ಡ ಮನಸ್ಸು, ಅಂಥ ಮಾತಾಡಿದವನನ್ನೂ ಮೈ ಎರಡು ಪ್ರಶ್ನೆ ಕೇಳದೆ ಒಳಗೆ ಕರೆದುಕೊಂಡಿತು ಎಂದು ನೀರಿನ ಟಾಕಿಯ ಹತ್ತಿರ ಹೆಂಗಸರು ಕಣ್ಣೊರೆಸಿಕೊಂಡರಂತೆ. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯುರಿಯೂ ಆಯಿತು.

ಆಗ ನನಗೆ ಛಲ ಬಂತು. ನನ್ನಂಥವರಿಗೆ ಛಲ ಬರುವುದು ಊರಿಗೆ ಒಳ್ಳೆಯದಲ್ಲ. ಒಂಬತ್ತು ದಿನ ನೀರು, ಮಜ್ಜಿಗೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಗಲ್ಲಾದ ಮೇಲೆ ತಲೆಯಿಟ್ಟು ಕೂತೆ. ಗಿರಾಕಿಗಳು ಮರ್ಯಾದೆಯಿಂದ ನನಗೆ ಬೆನ್ನು ಮಾಡಿ ಉಂಡರು. ಕಾಲು ನಡುಗಿದವು, ಲಾರಿಯ ಹಾರ್ನು ಕೇಳಿದರೆ ಕಣ್ಣಲ್ಲಿ ನೀರು ಬಂತು. ಕೆಂಪು ಇಳಿಯಿತು. ಜನ ಭೇಷ್ ಎಂದರು. ಹದಿನೇಳನೆಯ ದಿನ ವೀರನಂತೆ ದವಾಖಾನೆಗೆ ಹೋದೆ, ಅಂದರೆ ಗೋಡೆ ಹಿಡಿದುಕೊಂಡು ಹೋದೆ.

ಎಸ್ತೇರ್ ಸಿಸ್ಟರ್ ತೇಪೆಯ ಅಂಚನ್ನು ಮೆಲ್ಲಗೆ ಒತ್ತಿದರು. ಅದು ಮೇಲೆದ್ದಿತು. ಕೆಳಗೆ ಬಿಳಚಿಕೊಂಡ ಗಾಯ ಹಾಗೇ ಇತ್ತು.

“ಕಾವಲಿನವರು ಮಲಗ್ಯಾರ, ಖರೆ,” ಎಂದರು. “ಗ್ವಾಡಿ ಕಟ್ಟೂ ಗೌಂಡಿನೂ ಮಲಗ್ಯಾನ. ಗಾಯಾ ಕೂಡಸಾಕ ಮೈಗೆ ಏನರ ಬೇಕಲ್ರಿ. ಉಪವಾಸ ಹೇಳಿದ್ದು ಯಾರು ನಿಮಗ? ಅರ್ಧ ಉಣ್ರಿ ಅಂದೀನಿ.”

ಅರ್ಧ ಅಂದರೆ ಎಷ್ಟು ಎಂದು ಕೇಳಿದೆ. ತಮಾಷೆಗಲ್ಲ. ಹುಟ್ಟಿದಾಗಿನಿಂದ ನಾನು ಅರ್ಧಕ್ಕೆ ನಿಲ್ಲಿಸಿದ್ದೇ ಇಲ್ಲ, ಅದು ಎಲ್ಲಿರುತ್ತದೆಂದು ನನಗೆ ತಿಳಿಯದು. ಸಿಸ್ಟರ್ ನಗಲಿಲ್ಲ. ಕಪಾಟಿನಿಂದ ಎರಡು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ತೇಪೆ ಹಾಕುವ ಮೊದಲು ತೆಗೆದ ನಮ್ಮಿಬ್ಬರ ರಕ್ತದ ಚೀಟಿಗಳು. ನನ್ನ ಲೆಪ್ಟಿನ್ ಈ ದವಾಖಾನೆಯಲ್ಲಿ ಯಾರೂ ಮುಟ್ಟದ ಎತ್ತರದಲ್ಲಿತ್ತು. ಅದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅವರು ಬೆರಳಿಟ್ಟದ್ದು ಅಕ್ಕನ ಚೀಟಿಯ ಮೇಲೆ.

“ತ್ಯಾಪಿಯವರು ತಿಂಗಳಗಟ್ಟಲೆ ಅರೆಹೊಟ್ಟಿ ಇದ್ದಮ್ಯಾಲ ಲೆಪ್ಟಿನ್ ಇಷ್ಟಕ್ಕ ಇಳೀತದ. ನಿಮ್ಮ ಅಕ್ಕಾರು ಮೊದಲನೇ ದಿನನ ಹಿಂಗ ಬಂದಿದ್ರು.”

ಏನಾದರೂ ಜಡ್ಡೇ ಎಂದು ಕೇಳಿದೆ.

“ಜಡ್ಡಲ್ಲ. ಹಸಿವು. ನಿನ್ನೆ ಮೊನ್ನೆದಲ್ಲ, ವರ್ಷಗಟ್ಟಲೆದು. ಅವರ ಮೈ ನಿಮ್ಮನ್ನ ಒಪ್ಪಿದ್ದು ಮನಸ್ಸು ದೊಡ್ಡದು ಅಂತ ಅಲ್ಲರಿ. ಬ್ಯಾಡ ಅನ್ನಾಕ ಅದರಾಗ ತ್ರಾಣ ಇಲ್ಲ.”

ನಾನು ಕೂತಲ್ಲಿಂದ ಏಳಲಿಲ್ಲ. ಬಾಗಿಲಿನಿಂದ ಒಳಗೆ ಬಂದವನ ಮುಖ ನೋಡಿಯೇ ಅವನು ಎಷ್ಟು ರೊಟ್ಟಿಯವನೆಂದು ಹೇಳಬಲ್ಲೆ ನಾನು. ಇದು ಎರಡು ರೊಟ್ಟಿಯ ಮುಖ, ಇದು ಐದರದ್ದು ಎಂದು ಪಂದ್ಯ ಕಟ್ಟಿ ಗೆದ್ದಿದ್ದೇನೆ. ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರೇ ಇದ್ದ ಮುಖ ಎಷ್ಟು ರೊಟ್ಟಿಯದು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಅಕ್ಕ ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಯ ಲಾರಿ ಹೋದ ಮೇಲೆ ಬುಟ್ಟಿಯಲ್ಲಿ ಏನಾದರೂ ಉಳಿದಿದ್ದರೆ ಅವಳು ಉಂಡಿರಬೇಕು. ಉಳಿಯುತ್ತಿತ್ತೇ? ನಾನು ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಅಡುಗೆಮನೆಗೆ ಹೋಗಿ ಬುಟ್ಟಿ ಎತ್ತಿ ನೋಡುವ ಅಭ್ಯಾಸದವನು. ಉಳಿಯುತ್ತಿರಲಿಲ್ಲ. ಹಾಗಿದ್ದೂ ಊರ ಮುಂದೆ ನಿಂತು ಅವಳಿಗೆ ಉಣಿಸುತ್ತಿದ್ದೇನೆಂದು ಹೇಳಿದ್ದೆ. ನಾಚಿಕೆ ಎಂಬುದು ಇಷ್ಟು ಭಾರವಾದದ್ದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಇನ್ನು ಮೇಲೆ ಅವಳು ಹೊಟ್ಟೆ ತುಂಬ ಉಂಡರೆ ಏನಾಗುತ್ತದೆ ಎಂದು ಕೇಳಿದೆ. ಸಿಸ್ಟರ್ ಚೀಟಿಗಳನ್ನು ಮಡಚಿಟ್ಟರು. ಮೈ ತುಂಬಿಕೊಳ್ಳುತ್ತದೆ, ಲೆಪ್ಟಿನ್ ಏರುತ್ತದೆ, ಕಾವಲಿನವರು ಏಳುತ್ತಾರೆ, ಆಮೇಲೆ ನಿಮ್ಮ ತೇಪೆ ನಿಲ್ಲುವುದು ಕಷ್ಟ ಎಂದರು. ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಬಿದ್ದೀತು. ರಾಜಿ ಉಳಿಯಬೇಕೆಂದರೆ ಅವಳು ಇದ್ದಂತೆಯೇ ಇರಬೇಕು.

ಅಂದರೆ, ಅಕ್ಕ ನನ್ನ ಮನೆಗೆ ತಿರುಗಿ ಬರಬೇಕಾದರೆ ಜೀವನಪೂರ್ತಿ ಹಸಿದಿರಬೇಕು. ಅವಳ ಹಸಿವು ತೀರಬೇಕಾದರೆ ನನ್ನ ಒಲೆಯ ಅನ್ನ ಅವಳಿಗಿಲ್ಲ, ಅವಳ ಕೈಯ ರೊಟ್ಟಿ ನನಗಿಲ್ಲ.

ಇಷ್ಟು ತಿಳಿದ ಕೂಡಲೇ ನಾನು ಓಡಿಹೋಗಿ ಅವಳಿಗೆ ಉಣಿಸಿದೆನೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಹಾಗೆ ಮಾಡಲಿಲ್ಲ. ನಲವತ್ತು ದಿನ ಮುಗಿಯಲಿ, ಪುಸ್ತಕದಲ್ಲಿ ರಾಜಿ ಬರೆಯಲಿ, ಆಮೇಲೆ ದಿನಕ್ಕೆ ಒಂದೊಂದು ತುತ್ತು ಹೆಚ್ಚಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೊಸ ಹೆಂಗಸಿನ ರೊಟ್ಟಿ ಉಬ್ಬುತ್ತಿರಲಿಲ್ಲ, ಆ ಚಿಂತೆಯೂ ಇತ್ತು. ಹತ್ತೊಂಬತ್ತು ದಿನ ಹೀಗೆ ದಬ್ಬಿದೆ. ಅಷ್ಟರಲ್ಲಿ ಅರ್ಧ ಉಣ್ಣುವುದನ್ನು ಕಲಿತೆ. ಒಂದೂವರೆ ರೊಟ್ಟಿ, ಒಂದು ಹಿಡಿ ಅನ್ನ, ಸಾಕು. ಸಾಕಾಗುತ್ತಿರಲಿಲ್ಲ, ಸಾಕು ಎಂದು ಏಳಬೇಕು. ಗಾಯ ಕೂಡಿತು, ತೇಪೆಗೆ ಬಣ್ಣ ಬಂತು, ಅಕ್ಕನ ಚರ್ಮ ನನ್ನದಾಯಿತು. ಆದರೆ ಬೆಳಗ್ಗೆ ಎದ್ದರೆ ಸಿಟ್ಟು, ಹನ್ನೊಂದಕ್ಕೆ ತಲೆಸುತ್ತು, ಮೂರಕ್ಕೆ ಅಳು. ಹತ್ತೊಂಬತ್ತೇ ದಿನಕ್ಕೆ ನನ್ನ ಗತಿ ಹೀಗಾಗಿತ್ತು. ಅಕ್ಕ ಇದೇ ಹೊಟ್ಟೆಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿದಿದ್ದಳು, ಒಬ್ಬ ಗಿರಾಕಿಗೂ ದನಿ ಏರಿಸದೆ. ಮೂವತ್ತಾರನೆಯ ದಿನ ಒಂದೂವರೆ ರೊಟ್ಟಿ ತಿಂದು ಎದ್ದವನು ಕೈ ತೊಳೆಯಲು ಹೋಗಿ ಅಲ್ಲೇ ನಿಂತೆ. ಇನ್ನು ನಾಲ್ಕು ದಿನ ಎಂದು ಎಣಿಸುತ್ತಿದ್ದ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಹೊಸ ಹೆಂಗಸಿಗೆ ರಜೆ ಕೊಟ್ಟು ನಾನೇ ಒಲೆ ಮುಂದೆ ಕೂತೆ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗೋದಿ ಹುಗ್ಗಿ ಮಾಡಿದೆ. ರೊಟ್ಟಿಯೂ ಮಾಡಿದೆ. ಒಂದಕ್ಕೆ ಮೂರು ಮೂಲೆ ಬಂತು, ಇನ್ನೊಂದಕ್ಕೆ ಬಾಲ. ಎಲ್ಲವನ್ನೂ ದೊಡ್ಡ ಬುಟ್ಟಿಯಲ್ಲಿಟ್ಟು, ಮುಚ್ಚದೆ, ನಡುಮಧ್ಯಾಹ್ನ ಪೇಟೆಯ ನಡುವೆ ಹೊತ್ತುಕೊಂಡು ಹೊರಟೆ. ಮುಚ್ಚಿದ್ದರೆ ಒಳ್ಳೆಯದಿತ್ತೇನೋ. ಹುಗ್ಗಿಯ ವಾಸನೆಗೆ ಅಂಗಡಿಗಳಿಂದ ಜನ ಹೊರಬಂದರು, ನನ್ನ ಮಣಿಕಟ್ಟಿನ ಬಿಳಿ ದಾರ ನೋಡಿದರು, ನಾನು ನೇಕಾರರ ಓಣಿಗೆ ತಿರುಗಿದ್ದನ್ನೂ ನೋಡಿದರು. ಕೆಲವರು ನನ್ನ ಮುಂದೆಯೇ ಬಾಗಿಲು ಹಾಕಿಕೊಂಡರು. ಮುದುಕಪ್ಪಗೌಡರು ಮಾತ್ರ ಕೋಲು ಅಡ್ಡ ಹಿಡಿದು ನಿಲ್ಲಿಸಿದರು.

“ಒಡಹುಟ್ಟಿದಾಕಿಗೆ ಬುಟ್ಟಿ ಒಯ್ತೀಯೇನೋ ಫಕೀರಾ?”

ಹೌದು ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಯಾರನ್ನೂ ಮೆಚ್ಚಿಸದೆ ಹೇಳಿದೆ. ಅವರು ಕೋಲು ಹಿಂದಕ್ಕೆ ತೆಗೆದುಕೊಂಡು ಉಗುಳಿದರು.

ಅಕ್ಕ ಬಾಗಿಲಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು, ಬುಟ್ಟಿ ನೋಡಿದಳು, ಅವಳ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ನನ್ನ ಕೈಮೇಲಿನ ತೇಪೆ ಕೂತಿದೆ ಎಂದು ಅವಳಿಗೂ ಸುದ್ದಿ ಹೋಗಿತ್ತು. ನಾನು ಗೆದ್ದು, ಅವಳನ್ನು ಸೋಲಿಸಲು ಬಂದಿದ್ದೇನೆಂದು ಅವಳು ತಿಳಿದರೆ ಅದರಲ್ಲಿ ತಪ್ಪೇನಿತ್ತು? ಹಿಂದೆ ಆಡಿದ ಮಾತೂ ನನ್ನದೇ.

“ನನ್ನ ಕೆಡವಾಕ ಬಂದೀಯೇನು, ತಮ್ಮಾ?”

ಲೆಪ್ಟಿನ್, ಚೀಟಿ, ಕಾವಲು ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಬುಟ್ಟಿಯನ್ನು ಕೆಳಗಿಳಿಸಿದೆ.

“ನೀ ಹಸದೀದಿ ಅಕ್ಕಾ,” ಎಂದೆ. “ಇಪ್ಪತ್ತೆರಡು ವರ್ಷ ಹಸದೀದಿ. ನಾ ನೋಡ್ಲಿಲ್ಲ.”

ಅವಳು ಬಿಡಿಸಿದ ಹತ್ತಿಯನ್ನು ಬದಿಗೆ ಸರಿಸಿದಳು.

“ಯಾರೂ ಉಣಬ್ಯಾಡ ಅಂದಿರಲಿಲ್ಲ,” ಎಂದಳು. “ಉಣ್ಣು ಅಂತನೂ ಯಾರೂ ಅನ್ನಲಿಲ್ಲ.”

ಆಮೇಲೆ, ಇದನ್ನು ಉಂಡರೆ ಏನಾಗುತ್ತದೆಂದು ಗೊತ್ತೇ ಎಂದು ಕೇಳಿದಳು. ಗೊತ್ತು ಎಂದೆ. ಮತ್ತೆಂದೂ ಒಂದು ಒಲೆಯದ್ದು ಉಣ್ಣುವಂತಿಲ್ಲ, ಅದೂ ಗೊತ್ತೇ ಎಂದಳು. ಅದೂ ಗೊತ್ತು ಎಂದೆ. ನಂಬಲೋ ಬೇಡವೋ ಎಂಬಂತೆ ಅವಳು ನನ್ನನ್ನು ನೋಡುತ್ತಿದ್ದಳು. ನಂಬಿಸಲು ನನ್ನ ಹತ್ತಿರ ಇದ್ದದ್ದು ಒಂದೇ ದಾರಿ, ಅದರಲ್ಲಿ ನಾನು ಮೊದಲಿನಿಂದ ನಿಪುಣ. ನೆಲದ ಮೇಲೆ ಕೂತು, ತಾಟಿಗೆ ಎಲ್ಲವನ್ನೂ ಬಡಿಸಿ, ರೊಟ್ಟಿ ಮುರಿದು ತಿನ್ನತೊಡಗಿದೆ. ಒಂದೂವರೆ ಆಯಿತು, ಎರಡಾಯಿತು, ಮೂರಾಯಿತು. ಅವಳಿಗೆ ತಿಳಿಯಿತು. ಅವಳದ್ದು ಬಿದ್ದರೆ ನನ್ನದೂ ಬೀಳಲಿ ಎಂದು ನಾನು ಉಣ್ಣುತ್ತಿದ್ದೆ.

ಅಕ್ಕ ಕೈ ತೊಳೆದುಕೊಂಡು ಬಂದು ಅದೇ ತಾಟಿನ ಮುಂದೆ ಕೂತಳು. ಮೊದಲ ನಾಲ್ಕು ತುತ್ತು ಬಾಗಿಲ ಕಡೆ ನೋಡುತ್ತಲೇ ಉಂಡಳು, ಯಾರೋ ಗಿರಾಕಿ ಕೂಗುತ್ತಾನೆ ಎಂಬಂತೆ. ಆಮೇಲೆ ನೋಡುವುದನ್ನು ಬಿಟ್ಟಳು. ಐವತ್ತೆಂಟು ವರ್ಷದ ಹೆಂಗಸು ಹುಗ್ಗಿಯ ಬಟ್ಟಲನ್ನು ಬೆರಳಿನಿಂದ ಒರೆಸಿ ತಿಂದಳು. ಅವಳು ಐದು ರೊಟ್ಟಿಯವಳು. ಆವತ್ತು ಗೊತ್ತಾಯಿತು.

“ರೊಟ್ಟಿ ಭಾಳ ಕೆಟ್ಟ ಮಾಡೀಯಲೋ,” ಎಂದಳು. “ಇನ್ನೊಂದು ಹಾಕು.”

ಒಂದು ಊಟಕ್ಕೆ ತೇಪೆ ಬೀಳುವುದಿಲ್ಲ. ಮರುದಿನವೂ ಬುಟ್ಟಿ ಒಯ್ದೆ, ಅದರ ಮರುದಿನವೂ. ನಲವತ್ತನೆಯ ದಿನ ಪಂಚರು ನೋಡಿದಾಗ ಇಬ್ಬರ ತೇಪೆಗಳೂ ನೆಟ್ಟಗೇ ಇದ್ದವು. ಆದರೆ ನಾನು ಬುಟ್ಟಿ ಹೊತ್ತದ್ದನ್ನು ಊರೆಲ್ಲ ನೋಡಿತ್ತು, ಹಾಗಾಗಿ ಸುಗ್ಗಿಯವರೆಗೆ ಕಾಯೋಣ ಎಂದು ಪುಸ್ತಕ ಮುಚ್ಚಿದರು. ಅಲ್ಲಿಯವರೆಗೂ ನಮ್ಮನ್ನು ತಡೆಯುವ ಕಟ್ಟಳೆ ಇರಲಿಲ್ಲ. ನಾಲ್ಕು ತಿಂಗಳು ನಾವು ದಿನವೂ ಒಂದೇ ತಾಟಿನಲ್ಲಿ ಉಂಡೆವು. ಪ್ರತಿ ತುತ್ತಿಗೂ ಒಟ್ಟಿಗೆ ಉಣ್ಣುವ ದಿನಗಳು ಕಡಿಮೆಯಾಗುತ್ತಿವೆ ಎಂದು ಇಬ್ಬರಿಗೂ ತಿಳಿದಿತ್ತು. ಅವ್ವನ ಬಗ್ಗೆ, ಅಕ್ಕನ ಗಂಡನ ಬಗ್ಗೆ, ಚಿಕ್ಕಂದಿನಲ್ಲಿ ನಾನು ಕದ್ದು ತಿಂದ ಬೆಲ್ಲದ ಬಗ್ಗೆ ಮಾತಾಡಿದೆವು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ. ಮೊದಲು ನನ್ನ ಕೈಮೇಲಿನದ್ದು ಉದುರಿತು, ಅದರಲ್ಲೂ ನಾನೇ ಮುಂದೆ. ಮೂರು ವಾರದ ಮೇಲೆ ಅಕ್ಕನದ್ದು ಕೆಂಪಾಯಿತು. ಅವಳ ಮೈಗೆ ಬೇಡ ಅನ್ನುವ ತ್ರಾಣ ಬಂದಿತ್ತು.

ಇಬ್ಬರದ್ದೂ ಬಿದ್ದ ಪ್ರಕರಣ, ಅದೂ ಒಡಹುಟ್ಟಿದವರದ್ದು, ನಮ್ಮ ಪಂಚರ ಪುಸ್ತಕದಲ್ಲಿ ಅದೊಂದೇ. ತಮ್ಮನೇ ಬುಟ್ಟಿ ತಂದು ಮೋಸ ಮಾಡಿದನೇ ಎಂದು ಗೌಡರು ಕೇಳಿದಾಗ ಅಕ್ಕ, ಊಟ ತಂದಿದ್ದ, ನಾ ಉಂಡೆ ಎಂದಷ್ಟೇ ಹೇಳಿದಳು. ಅವರು ‘ಜಗಳ ಜೀವಂತ’ ಎಂದು ಬರೆದು ಪುಸ್ತಕ ಮುಚ್ಚಿದರು. ನಾನು ಖಾನಾವಳಿಯನ್ನೂ ಅದರ ಒಲೆಯನ್ನೂ ಅಕ್ಕನಿಗೆ ಬಿಟ್ಟುಕೊಟ್ಟೆ. ರೊಟ್ಟಿ ಅವಳದ್ದಾಗಿದ್ದ ಮೇಲೆ ನಾನು ಕೊಟ್ಟದ್ದಾದರೂ ಏನು, ಒಂದು ಬೋರ್ಡು. ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ಚಹಾದಂಗಡಿ ಹಾಕಿಕೊಂಡೆ. ಅವಳ ರೊಟ್ಟಿ ತಿನ್ನದೆ ಈಗ ಮೂರನೆಯ ವರ್ಷ. ನನ್ನ ಅಡುಗೆ ನಾನೇ ಮಾಡಿ ತಿನ್ನುವುದರಿಂದ ಹದಿನೆಂಟು ಕೇಜಿ ಇಳಿದಿದ್ದೇನೆ. ಊರಿನವರು ನಮ್ಮಿಬ್ಬರನ್ನು ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಎಂಥ ಹಗೆ ನೋಡು, ರಕ್ತ ಒಂದೇ ಆದರೂ ಮೈಗೆ ಮೈ ಆಗಲಿಲ್ಲ ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ.

ಮೊನ್ನೆ ದರ್ಜಿ ನೀಲಪ್ಪ ಚಹಾ ಕುಡಿಯಲು ಬಂದಿದ್ದ. ನನ್ನನ್ನು ಖುಷಿಪಡಿಸುವ ಸುದ್ದಿ ತಂದಿದ್ದೇನೆ ಎಂಬಂತೆ ಬೆಂಚಿನ ಮೇಲೆ ಹತ್ತಿರ ಸರಿದು ದನಿ ತಗ್ಗಿಸಿದ.

“ನಿಮ್ಮ ವೈರಿ ಭಾಳ ಮೈ ತುಂಬಿಕೊಂಡಾಳ ಬಿಡ್ರಿ. ಹ್ವಾದ ವರ್ಷ ಹೊಲಿದ ಜಂಪರು ಹತ್ತವಲ್ಲವಂತ. ಹೊಲಿಗಿ ಬಿಚ್ಚಿ ಎರಡು ಬೆರಳು ಸಡ್ಲ ಮಾಡಿ ಕೊಟ್ಟೆ.”

“ಎರಡ ಬೆರಳ?” ಎಂದೆ.

“ಎರಡೂವರಿ,” ಎಂದ.

ಕಪ್ಪು ಕೆಳಗಿಟ್ಟು, ಒಲೆ ಹೊಗೆಯಾಡುತ್ತಿದೆ ಎಂದು ಹೇಳಿ ಒಳಗೆ ಹೋದೆ. ಗೋಡೆಗೆ ಮುಖ ಮಾಡಿ ನಿಂತು, ಬಾಯಿಗೆ ಟವೆಲ್ಲು ಒತ್ತಿಕೊಂಡು, ಸಂತೋಷಕ್ಕೆ ಅತ್ತುಬಿಟ್ಟೆ.